ಗಾಳಿಯ ಶಾನುಭೋಗರಿಗೆ

ಗಾಳಿಗೂ ಶಾನುಭೋಗರು ಹುಟ್ಟಿಕೊಂಡಿದ್ದಾರೆ, ಗೆಳೆಯರೇ. ಅಡಂಗಲ್ ಪುಸ್ತಕದಲ್ಲಿ ಯಾರ ಹೆಸರು ಬರೆದಿದೆ ಎಂದು ಓದಲು ಬಾರದೆ ತಾವೇ ಉತ್ತ ಗದ್ದೆ ಕಳಕೊಂಡವರ ಮೊಮ್ಮಕ್ಕಳು ನಾವು. ಶಾನುಭೋಗ ಓದಿ ಹೇಳಿದ್ದೇ ವೇದವಾಗಿತ್ತು. ಈಗ ನಾವು ಓದಲು ಕಲಿತಿದ್ದೇವೆ, ಮನೆಗೆ ಮೊದಲನೆಯ ಡಿಗ್ರಿ ತಂದಿದ್ದೇವೆ, ನೆಲದ ಪಹಣಿ ಮೊಬೈಲಿನಲ್ಲೇ ಸಿಗುತ್ತದೆ. ಆದರೆ ನಾವು ಅಕ್ಷರ ಕಲಿಯುವಷ್ಟರಲ್ಲಿ ಪುಸ್ತಕ ನೆಲ ಬಿಟ್ಟು ಗಾಳಿಗೆ ಏರಿದೆ.

ಕಳೆದ ವರ್ಷ ನಮ್ಮ ಜಿಲ್ಲೆಯ ಒಂದು ಕಾಲೇಜಿನ ಸಭಾಂಗಣದಲ್ಲಿ ಒಬ್ಬ ದೊಡ್ಡ ವಿಜ್ಞಾನಿ ಮಾತಾಡಿದರು. ಅಣುವಿದ್ಯುತ್ ಸ್ಥಾವರಗಳ ಸುತ್ತ ಪರಿಸರದ ಸುರಕ್ಷೆಗಾಗಿ ನೆಲಕ್ಕೆ ಹತ್ತಿರದ ಗಾಳಿಯನ್ನು ಹೇಗೆ ಅಳೆಯುತ್ತಾರೆ ಎಂಬುದು ವಿಷಯ. ಶಿರ್ವದಿಂದ ನಾವು ನಾಲ್ವರು ಬಸ್ಸು ಹತ್ತಿ ಹೋಗಿದ್ದೆವು. ಕೂತದ್ದು ಹಿಂದಿನ ಬೆಂಚಿನಲ್ಲಿ, ಅದು ರಕ್ತಕ್ಕೇ ಇಳಿದ ಅಭ್ಯಾಸ. ಅವರು ಗೋಡೆಯ ಮೇಲೆ ಒಂದು ಬಾಗಿದ ಗೆರೆ ತೋರಿಸಿದರು. ಕೆಳಗೆ ಗಾಳಿ ನಿಧಾನ, ಮೇಲೆ ಹೋದಂತೆ ವೇಗ. ಚೆನ್ನಾಗಿಯೇ ಹೇಳಿದರು, ಸುಳ್ಳು ಹೇಳಬಾರದು. ಕೊನೆಗೆ ಪ್ರಶ್ನೆ ಕೇಳಿ ಎಂದಾಗ ನಮ್ಮಲ್ಲೊಬ್ಬ ಎದ್ದು ನಿಂತ. "ಸಾರ್, ಈ ಗೆರೆಯ ಬುಡದಲ್ಲಿ ಯಾರಿದ್ದಾರೆ?"

ಅವರಿಗೆ ಪ್ರಶ್ನೆ ತಿಳಿಯಲಿಲ್ಲ. "ಬುಡದಲ್ಲಿ ಸೊನ್ನೆ ಇರ್ತದಪ್ಪಾ" ಎಂದರು.

ಸಭೆ ನಕ್ಕಿತು. ನಾವೂ ನಕ್ಕೆವು. ಬಸ್ಸಿನಲ್ಲಿ ಬರುವಾಗ ನಗು ಇಳಿಯಿತು. ಬುಡದಲ್ಲಿ ಸೊನ್ನೆ! ಆ ಸೊನ್ನೆಯೊಳಗೆ ಮನೆ ಕಟ್ಟಿಕೊಂಡವರ ಪರವಾಗಿ ಈ ಬರಹ.

ಮೊದಲು ಆ ಗೆರೆ ಏನು ಅಂತ ನೋಡೋಣ. ನಮ್ಮ ಅಮ್ಮಂದಿರಿಗೆ ಅದು ಗೊತ್ತಿತ್ತು. ಕೊಯ್ಲಾದ ಮೇಲೆ ದಣಿಗಳ ಅಂಗಳದಲ್ಲಿ ಭತ್ತವನ್ನು ಗಾಳಿಗೆ ಹಿಡಿಯುವಾಗ, ಗಾಳಿ ಸಡಿಲವಾದರೆ ಅವರು ತಡ್ಪೆಯನ್ನು ತಲೆಗಿಂತ ಮೇಲೆ ಎತ್ತುತ್ತಿದ್ದರು, ಅದೂ ಸಾಲದಿದ್ದರೆ ಕಲ್ಲಿನ ಮೇಲೆ ಹತ್ತಿ ನಿಲ್ಲುತ್ತಿದ್ದರು. ಯಾಕೆ? ಮೇಲೆ ಗಾಳಿ ಹೆಚ್ಚು. ನೆಲ, ಹುಲ್ಲು, ಬೇಲಿ, ಮನೆಯ ಮಾಡು ಎಲ್ಲ ಸೇರಿ ಗಾಳಿಯ ಕಾಲು ಹಿಡಿದು ಎಳೆಯುತ್ತವೆ. ಗಟ್ಟಿ ಕಾಳು ಹತ್ತಿರ ಬೀಳುತ್ತದೆ, ಜೊಳ್ಳು ದೂರ ಹೋಗುತ್ತದೆ, ನುಣ್ಣನೆ ಧೂಳು ಎಲ್ಲಿ ಹೋಗಿ ಕೂರುತ್ತದೋ ಹೇಳಲು ಬಾರದು. ಚಿಮಣಿಯಿಂದ ಹೊರಟದ್ದಕ್ಕೂ ಇದೇ ನ್ಯಾಯ. ಇನ್ನೊಂದು ಮಾತು. ದಣಿಗಳ ಕುರ್ಚಿ ಯಾವತ್ತೂ ಗಾಳಿ ಬರುವ ಕಡೆಗೇ ಇರುತ್ತಿತ್ತು. ಧೂಳು ಕುಡಿಯುವವರು ಗಾಳಿ ಹೋಗುವ ಕಡೆ. ಕುರ್ಚಿ ಎಲ್ಲಿ ಹಾಕಬೇಕು ಅಂತ ಅವರಿಗೆ ಯಾವ ಯಂತ್ರ ಹೇಳಿಕೊಟ್ಟಿತ್ತು?

ವಿಜ್ಞಾನಿಗಳು ಇದನ್ನೇ ಲೆಕ್ಕಕ್ಕೆ ಇಳಿಸಿದ್ದಾರೆ. ಬೇಲಿ, ಪೊದೆ, ಬೆಳೆ ಇರುವ ಗದ್ದೆ ಬಯಲು ಎಂದಿಟ್ಟುಕೊಳ್ಳಿ, ಮೋಡ ಕವಿದ ದಿನ. 10 ಮೀಟರ್ ಎತ್ತರದಲ್ಲಿ ಗಾಳಿ ಸೆಕೆಂಡಿಗೆ 3 ಮೀಟರ್ ಇದ್ದರೆ, 100 ಮೀಟರಿನಲ್ಲಿ ಸುಮಾರು ನಾಲ್ಕೂವರೆ, 1 ಮೀಟರಿನಲ್ಲಿ ಸುಮಾರು ಒಂದೂವರೆ. ಎತ್ತರ ಹತ್ತು ಪಟ್ಟಾದಾಗಲೆಲ್ಲ ವೇಗ ಒಂದೇ ಅಳತೆಯ ಮೆಟ್ಟಿಲು ಹತ್ತುತ್ತದೆ. 1 ಮೀಟರ್ ಎಂದರೆ ಅಂಗನವಾಡಿ ಮಗುವಿನ ಮೂಗಿನ ಮಟ್ಟ. ಬಯಲು ಹೋಗಿ ಕಾಡು ಬಂದರೆ ಲೆಕ್ಕವೇ ಬೇರೆ. ದಟ್ಟ ಕಾಡಿನಲ್ಲಿ ಗಾಳಿಗೆ ಮರದ ತಲೆಗಳೇ ನೆಲ. ಮೂವತ್ತು ಮೀಟರ್ ಎತ್ತರದ ಕಾಡಾದರೆ ಗಾಳಿಯ ನೆಲ ಇಪ್ಪತ್ತು ಮೀಟರ್ ಮೇಲಿನಿಂದ ಶುರು. ಅದರ ಕೆಳಗೆ ಹಾಡಿ ಇದೆ, ಗುಡಿಸಲಿದೆ, ಒಲೆ ಇದೆ. ಅಲ್ಲಿ ಗಾಳಿ ಬೀಸುವುದಿಲ್ಲ, ತೆವಳುತ್ತದೆ.

ಇದನ್ನೆಲ್ಲ ಅಳೆಯಲೇಬೇಕು. ಯಾಕೆಂದರೆ ಸ್ಥಾವರದ ಚಿಮಣಿಯಿಂದ ಟ್ರಿಟಿಯಂ, ಆರ್ಗಾನ್-41 ಮುಂತಾದವು ಮಿತಿಯೊಳಗೆ ಅಂತ ಹೇಳಿಕೊಂಡೇ ಹೊರಗೆ ಹೋಗುತ್ತವೆ. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ದಾಟಬಾರದು ಎಂದು ನಿಯಮ. ದಾಟಿಲ್ಲ ಅಂತ ಹೇಗೆ ಗೊತ್ತು? ಮಣ್ಣು, ಹಾಲು, ನೀರು, ಮೀನು ಪರೀಕ್ಷಿಸುತ್ತಾರೆ, ಸರಿ. ಉಳಿದದ್ದು ಗಾಳಿಯ ಲೆಕ್ಕ. ಎಷ್ಟು ಬಿಟ್ಟರು, ಗಾಳಿ ಎಷ್ಟು ತೆಳುಮಾಡಿತು, ಎತ್ತ ಒಯ್ಯಿತು, ಗುಣಾಕಾರ ಭಾಗಾಕಾರ. ಗಾಳಿ ಅರ್ಧವಾದರೆ ವಿಷದ ಸಾಂದ್ರತೆ ದುಪ್ಪಟ್ಟು. ಚಿಮಣಿಯ ತುದಿಯಿಂದ ಹೋದದ್ದಕ್ಕೆ ಮೇಲಿನ ಗಾಳಿ ಬೇಕು. ಅಪಘಾತವಾಗಿ ಕಟ್ಟಡದ ಬುಡದಿಂದ ಸೋರಿದರೆ ಕೆಳಗಿನ ಗಾಳಿಯೇ ಬೇಕು. 10 ಮೀಟರಿನಲ್ಲಿ ಅಳೆದು 100 ಮೀಟರಿಗೆ ಊಹೆ ಕಟ್ಟುವವರು ಗೆರೆಯ ಬಾಗು ತಪ್ಪಿದರೆ, ನಮ್ಮ ಮೈಮೇಲಿನ ಲೆಕ್ಕ ಕಾಗದದ ಮೇಲೆ ತಪ್ಪುತ್ತದೆ. ಹಾಗಾಗಿ ಗಾಳಿಯ ಕಡತ ಒಂದು ಸಾಕ್ಷಿ. ಸಾಕ್ಷಿ ಎಂದ ಮೇಲೆ ಅದು ಯಾರ ಕೈಯಲ್ಲಿದೆ ಎಂಬುದು ರಾಜಕೀಯ.

ಈಗ ಆ ಸೊನ್ನೆಗೆ ಬರೋಣ. ಗಾಳಿ ಅಳೆಯುವ ಸಾಮಾನ್ಯ ಯಂತ್ರದಲ್ಲಿ ಮೂರು ಬಟ್ಟಲು ಇರುತ್ತವೆ, ಗಾಳಿಗೆ ತಿರುಗುತ್ತವೆ. ಗಾಳಿ ತೀರಾ ಮೆಲ್ಲಗಾದರೆ ಬಟ್ಟಲು ನಿಂತುಬಿಡುತ್ತದೆ. ಕಡತದಲ್ಲಿ "ಶಾಂತ" ಎಂದು ಬರೆಯುತ್ತಾರೆ. ಎಂಥ ಪದ ನೋಡಿ! ಚಳಿಗಾಲದ ರಾತ್ರಿ, ಆಕಾಶ ಬೋಳಾಗಿರುವಾಗ, ನೆಲ ಬೇಗ ತಣಿಯುತ್ತದೆ. ಕೆಳಗೆ ತಣ್ಣನೆ ಗಾಳಿ, ಮೇಲೆ ಬೆಚ್ಚನೆ ಗಾಳಿ, ಹೊಗೆ ಮೇಲೇಳದು. ನಸುಕಿನಲ್ಲಿ ಗುಡ್ಡದ ಬುಡದ ಮನೆಗಳ ಒಲೆಯ ಹೊಗೆ ಚಾಪೆ ಹಾಸಿದ ಹಾಗೆ ಗದ್ದೆಯ ಮೇಲೆ ಮಲಗಿರುವುದನ್ನು ನೀವೂ ನೋಡಿದ್ದೀರಿ. ಬ್ರಿಟನ್ನಿನ ಪಾಸ್ಕ್ವಿಲ್ ಎಂಬ ಹವಾಮಾನ ತಜ್ಞ 1961ರಲ್ಲಿ ಗಾಳಿಯ ಗುಣವನ್ನು ಆರು ದರ್ಜೆ ಮಾಡಿದ. ಹೊಗೆಯನ್ನು ಚೆನ್ನಾಗಿ ಕಲಸಿ ಹರಡುವ ಉರಿಬಿಸಿಲಿನ ಮಧ್ಯಾಹ್ನ ಮೊದಲನೆಯ ದರ್ಜೆ, ಇಂಥ ನಿಶ್ಚಲ ರಾತ್ರಿ ಕೊನೆಯ ದರ್ಜೆ. ಯಂತ್ರ ಮೂಕವಾಗುವ ಹೊತ್ತೂ, ವಿಷ ಕರಗದೆ ಉಳಿಯುವ ಹೊತ್ತೂ ಒಂದೇ. ಸೂತ್ರದಲ್ಲಿ ಗಾಳಿಯ ವೇಗದಿಂದ ಭಾಗಿಸಬೇಕು. ಸೊನ್ನೆಯಿಂದ ಭಾಗಿಸಲು ಬಾರದು. ಆಗ ಕೂತವರು ಒಂದು ಸಣ್ಣ ಅಂಕಿ ಹಾಕಿ ಮುಂದೆ ಹೋಗುತ್ತಾರೆ. ನಮ್ಮ ರಾತ್ರಿಯ ಉಸಿರಿಗೆ ಯಾರೋ ಹಾಕಿದ ಅಂಕಿ ಅದು. ಶಬ್ದದ ಅಲೆಯಿಂದ ಅಳೆಯುವ ಸೂಕ್ಷ್ಮ ಯಂತ್ರಗಳು ಬಂದಿವೆ, ಅವು ಮೆಲ್ಲನೆಯ ಗಾಳಿಯನ್ನೂ ಹಿಡಿಯುತ್ತವೆ. ಒಳ್ಳೆಯದೇ. ಹಿಡಿದದ್ದನ್ನು ನಮಗೆ ಹೇಳುತ್ತಾರಾ?

ಗಾಳಿ ಮತ್ತು ದೂರ, ಇವೆರಡರ ವಿಜ್ಞಾನ ಈ ದೇಶದಲ್ಲಿ ಹೊಸತಲ್ಲ ಮಾರಾಯ್ರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಅಚ್ಚು ಹಾಕಿಸಿದ ಸಂಪುಟಗಳಲ್ಲಿ ನಮ್ಮ ಜಿಲ್ಲೆಯ ಅಂಡೆ ಕೊರಗರ ವಿಷಯ ಇದೆ. ಅವರ ಕೊರಳಿಗೆ ಒಂದು ಅಂಡೆ ಕಟ್ಟಿಸುತ್ತಿದ್ದರು, ಉಗುಳಿದರೆ ಅದರಲ್ಲೇ ಉಗುಳಬೇಕು, ದಾರಿಗೆ ಬೀಳಬಾರದು. ಮನುಷ್ಯನನ್ನೇ ಸ್ಥಾವರ ಎಂದು ತಿಳಿದು ಅವನ ಬಾಯಿಗೆ ಕಟ್ಟಿದ ತಡೆಪಾತ್ರೆ ಅದು. ಯಾರ ನೆರಳು ಎಷ್ಟು ಹೆಜ್ಜೆ, ಯಾರ ಉಸಿರು ಎಷ್ಟು ಮಾರು, ಯಾವ ಜಾತಿ ಯಾವ ಬೇಲಿಯಾಚೆ, ಎಲ್ಲಕ್ಕೂ ಅಳತೆ ಇತ್ತು. ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ 2000ನೇ ಇಸವಿಯ ಕಾಯ್ದೆ ಬೇಕಾಯಿತು. ಕೈಗಾ ಕಟ್ಟಿದ ಕಾಲದ ಅಣುನಿಯಮದಲ್ಲೂ ಸುತ್ತುಗಳಿದ್ದವು. ಕಡಿಮೆಯೆಂದರೆ 1.6 ಕಿಲೋಮೀಟರಿನೊಳಗೆ ಯಾರೂ ವಾಸಿಸುವಂತಿಲ್ಲ, 5 ಕಿಲೋಮೀಟರಿನೊಳಗೆ ಜನವಸತಿ ಬೆಳೆಯುವಂತಿಲ್ಲ, 16 ಕಿಲೋಮೀಟರಿನ ತನಕ ತುರ್ತು ಯೋಜನೆ. ಎರಡೂ ಒಂದೇ ಎಂದು ನಾವು ಹೇಳುತ್ತಿಲ್ಲ. ಒಂದು ಸುಳ್ಳು ಮೈಲಿಗೆ, ಇನ್ನೊಂದು ನಿಜವಾದ ಅಪಾಯ. ಸುಳ್ಳು ಮೈಲಿಗೆಯ ಅಳತೆಯನ್ನು ನಮಗೆ ಹೊಡೆದು ಹೊಡೆದು ಬಾಯಿಪಾಠ ಮಾಡಿಸಿದರು. ನಿಜವಾದ ಅಪಾಯದ ಅಳತೆಯನ್ನು ಮಾತ್ರ ಕಪಾಟಿನಲ್ಲಿ ಬೀಗ ಹಾಕಿ ಇಟ್ಟರು. 1962ರ ಅಣುಶಕ್ತಿ ಕಾಯ್ದೆ ಗುಟ್ಟು ಮಾಡುವ ಅಧಿಕಾರವನ್ನೇ ಸರಕಾರಕ್ಕೆ ಬರೆದುಕೊಟ್ಟಿತ್ತು.

ಗುಟ್ಟಿನ ಬೆಲೆ ಏನು? ಭೋಪಾಲಿಗೆ ಹೋಗಿ ಕೇಳಿ. 1984ರ ಡಿಸೆಂಬರ್ 2ರ ರಾತ್ರಿ, ಮರುದಿನದ ನಸುಕು. ಅದೇ "ಶಾಂತ" ಗಾಳಿ, ಅದೇ ತಣ್ಣನೆ ನೆಲ. ಗಾಳಿಗಿಂತ ಭಾರದ ಅನಿಲ ನೆಲಕ್ಕೆ ಅಂಟಿಕೊಂಡೇ ಯೂನಿಯನ್ ಕಾರ್ಬೈಡಿನ ಎದುರಿನ ಜೆ.ಪಿ. ನಗರದ ಗುಡಿಸಲುಗಳಿಗೆ ನುಗ್ಗಿ ಹಳೆಯ ಊರಿನತ್ತ ಹರಿಯಿತು. ಜನ ಓಡಿದರು. ಗಾಳಿ ಹೋಗುವ ದಿಕ್ಕಿಗೇ ಓಡಿದವರು ವಿಷದ ಜೊತೆಜೊತೆಗೇ ಓಡಿದರು. ಒದ್ದೆ ಬಟ್ಟೆ ಮುಖಕ್ಕೆ ಹಿಡಿದು ಗಾಳಿಗೆ ಅಡ್ಡಲಾಗಿ ಹೋಗಿ ಅಂತ ಒಂದು ವಾಕ್ಯ, ಒಂದೇ ವಾಕ್ಯ, ಮೊದಲೇ ಹೇಳಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದವು?

ಅದು ಬಡ ದೇಶ, ಕೀಟನಾಶಕದ ಕಾರ್ಖಾನೆ ಅನ್ನುತ್ತೀರಾ? ಹಾಗಾದರೆ ಜಪಾನಿಗೆ ಹೋಗೋಣ. 2011ರ ಮಾರ್ಚ್ 11ರಂದು ಫುಕುಶಿಮಾ. ಅಲ್ಲಿ ಗಾಳಿಯ ಲೆಕ್ಕ ಹಾಕಿ ವಿಕಿರಣ ಎತ್ತ ಹೋದೀತು ಎಂದು ಹೇಳಲೆಂದೇ ಸ್ಪೀಡಿ ಎಂಬ ಗಣಕ ವ್ಯವಸ್ಥೆ ಇತ್ತು. ಅದು ಲೆಕ್ಕ ಹಾಕುತ್ತಲೇ ಇತ್ತು. ನಕ್ಷೆ ಮಾರ್ಚ್ 14ಕ್ಕೆ ಅಮೆರಿಕದ ಸೈನ್ಯಕ್ಕೆ ಸಿಕ್ಕಿತು. ಸ್ವಂತ ಜನಕ್ಕೆ ಮಾರ್ಚ್ 23ರ ತನಕ ಸಿಗಲಿಲ್ಲ. ಅಷ್ಟರಲ್ಲಿ ನಾಮಿಯೆ ಎಂಬ ಊರಿನ ಸಾವಿರಾರು ಜನ ವಾಯವ್ಯಕ್ಕೆ, ತ್ಸುಶಿಮಾ ಎಂಬ ಬೆಟ್ಟದ ಕಡೆಗೆ ಹೋಗಿ ಸುರಕ್ಷಿತರಾದೆವು ಎಂದುಕೊಂಡು ದಿನ ಕಳೆದಿದ್ದರು. 15ರಂದು ವಿಕಿರಣದ ಮೋಡ ಹೋದದ್ದೂ ಅದೇ ವಾಯವ್ಯಕ್ಕೆ. ಬಹುಪಾಲು 30 ಕಿಲೋಮೀಟರ್ ಸುತ್ತಿನ ಹೊರಗಿದ್ದ ಇಟಾಟೆ ಹಳ್ಳಿಗೆ ಊರು ಬಿಡಿ ಎಂಬ ಆದೇಶ ಬಂದದ್ದು ಏಪ್ರಿಲಿನಲ್ಲಿ. ಕೈವಾರ ಹಿಡಿದು ಎಳೆದ ಸುತ್ತನ್ನು ಗಾಳಿ ಓದುವುದಿಲ್ಲ. ಗಾಳಿಯನ್ನು ಓದಿದವರು ಬಾಯಿ ಬಿಡಲಿಲ್ಲ. ಅಳತೆ ಇತ್ತು, ಯಂತ್ರ ಇತ್ತು, ದುಡ್ಡಿತ್ತು. ಇಲ್ಲದ್ದು ಬಡಪಾಯಿ ಮನುಷ್ಯನನ್ನು ನಂಬಿ ಹೇಳುವ ಮನಸ್ಸು.

ಇನ್ನು ನಮ್ಮ ಕೈಗಾ. ಕಾರವಾರ ತಾಲೂಕು, ಕಾಳಿ ನದಿಯ ದಂಡೆ, ಸುತ್ತ ಘಟ್ಟದ ಕಾಡು, ಮೇಲೆ ಕೊಡಸಳ್ಳಿ ಅಣೆಕಟ್ಟು, ಕೆಳಗೆ ಕದ್ರಾ. 220 ಮೆಗಾವಾಟಿನ ನಾಲ್ಕು ಘಟಕಗಳು, ಮೊದಲ ಎರಡು 2000ದಲ್ಲಿ ವಾಣಿಜ್ಯ ಉತ್ಪಾದನೆಗೆ ಬಂದವು, ನಾಲ್ಕನೆಯದು 2011ರಲ್ಲಿ. 700 ಮೆಗಾವಾಟಿನ ಇನ್ನೆರಡಕ್ಕೆ 2017ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಕಟ್ಟುವಾಗಲೇ, 1994ರ ಮೇ ತಿಂಗಳಲ್ಲಿ, ಮೊದಲ ಘಟಕದ ಗುಮ್ಮಟದ ಒಳಮೈ ಕಾಂಕ್ರೀಟು ಕಳಚಿ ಬಿದ್ದಿತ್ತು. ಕೋಟದ ಶಿವರಾಮ ಕಾರಂತರು ಈ ಸ್ಥಾವರವನ್ನು ವಿರೋಧಿಸಿ 1989ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಲೋಕಸಭೆಗೆ ನಿಂತು ಸೋತರು. ಆಗ ನಾವು ಹುಟ್ಟಿರಲಿಲ್ಲ. ಅವರ ಜೊತೆ ನಮಗೆ ಬೇರೆ ಜಗಳಗಳಿವೆ, ಅವನ್ನು ಇನ್ನೊಂದು ದಿನ ಆಡೋಣ. ಆ ಮುದುಕರ ಹಟಕ್ಕೆ ಮಾತ್ರ ತಲೆಬಾಗುತ್ತೇವೆ.

ಕೈಗಾ ಇರುವುದು ಬಯಲಿನಲ್ಲಲ್ಲ, ಬಟ್ಟಲಿನಂಥ ಕಣಿವೆಯಲ್ಲಿ. ಅಲ್ಲಿ ಪುಸ್ತಕದ ಗೆರೆ ಹಾಗೇ ನಡೆಯುವುದಿಲ್ಲ. ಹಗಲು ಗಾಳಿ ಇಳಿಜಾರು ಹತ್ತುತ್ತದೆ, ರಾತ್ರಿ ತಣ್ಣಗಾಗಿ ನೀರಿನ ಹಾಗೆ ಕೆಳಗೆ ಇಳಿಯುತ್ತದೆ, ಕಡಲ ಗಾಳಿ ಒಂದು ಕಡೆ, ಘಟ್ಟದ ಗಾಳಿ ಇನ್ನೊಂದು ಕಡೆ, ಮಳೆಗಾಲದಲ್ಲಿ ಪಡುವಣದ ಆರ್ಭಟ. ಗುಡ್ಡದ ತುದಿಯ ಕಂಬ ಒಂದು ದಿಕ್ಕು ತೋರಿಸಿದರೆ ನದಿಯ ಮಟ್ಟದ ಎಲೆ ಇನ್ನೊಂದು ದಿಕ್ಕು ತೋರಿಸುತ್ತದೆ. ಪ್ರತಿ ಅಣುಸ್ಥಾವರದ ಹತ್ತಿರವೂ ಒಂದು ಪರಿಸರ ಸಮೀಕ್ಷಾ ಪ್ರಯೋಗಾಲಯ ಇದೆ. ನಮ್ಮ ಮಂಗಳೂರು ವಿಶ್ವವಿದ್ಯಾನಿಲಯದವರೂ ಕೈಗಾದ ಮಣ್ಣು-ನೀರು ಪರೀಕ್ಷಿಸಿ ಪ್ರಬಂಧ ಬರೆದಿದ್ದಾರೆ. ಬರೆದದ್ದು ಇಂಗ್ಲಿಷಿನಲ್ಲಿ. ಓದಬೇಕಾದವರು ಆ ಕಾಡಿನ ಕುಣಬಿಗಳು, ಹಾಲಕ್ಕಿಗಳು. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ ಅಂತ ವರ್ಷಗಟ್ಟಲೆ ಕೂಗಿದ ಕುಣಬಿಗಳಿಗೆ ಸರಕಾರದ ಕಿವಿಯೇ ಸಿಗಲಿಲ್ಲ, ಇನ್ನು ಗಾಳಿಯ ಕಡತ ಸಿಗುತ್ತದಾ?

ಇಲ್ಲಿ ನಮ್ಮದೇ ಸಂಗಾತಿಗಳ ಜೊತೆ ಒಂದು ಮಾತು ಜಗಳವಾಡಬೇಕು. ಈ ಬರಹದ ಕರಡು ಓದಿದ ಕೆಲವು ಗೆಳೆಯರು, "ಅಳತೆ ಗಿಳತೆ ಎಲ್ಲ ಅವರ ಹುನ್ನಾರ ಕಣೋ, ಸ್ಥಾವರ ಬೇಡ ಅಂತ ಒಂದೇ ಮಾತು ಹೇಳಿ ಮುಗಿಸು" ಎಂದರು. ಬೇಡ ಎನ್ನುವ ಹಕ್ಕು ನಮಗಿದೆ. ಆದರೆ ಸ್ಥಾವರ ಈ ಹೊತ್ತಿಗೂ ಉರಿಯುತ್ತಿದೆಯಲ್ಲ? ನಾವು ಘೋಷಣೆ ಕೂಗಿ ಮನೆಗೆ ಬಂದು ಮಲಗಿದ ರಾತ್ರಿಯೂ ಆ ಕಣಿವೆಯಲ್ಲಿ ಗಾಳಿ ತೆವಳುತ್ತಿರುತ್ತದೆ. 2009ರ ನವೆಂಬರಿನಲ್ಲಿ ಕೈಗಾದ ಒಳಗೆ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತು ಐವತ್ತರ ಆಸುಪಾಸಿನ ಕೆಲಸಗಾರರ ಮೈಗೆ ಸೇರಿತು. ಅದು ಬಯಲಾದದ್ದು ಹೇಗೆ? ಕೆಲಸಗಾರರ ಮೂತ್ರದ ಮಾಮೂಲಿ ಪರೀಕ್ಷೆಯಿಂದ. ಅಳತೆ ಇಲ್ಲದಿದ್ದರೆ ಅಪರಾಧವೂ ಇಲ್ಲ. 1957ರಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲಿನಲ್ಲಿ ಬೆಂಕಿ ಬಿದ್ದಾಗ ಸುತ್ತಲಿನ ಸುಮಾರು 500 ಚದರ ಕಿಲೋಮೀಟರಿನ ಹಾಲನ್ನು ಚೆಲ್ಲಿಸಿದರು. ಯಾವ ಹಾಲು ಚೆಲ್ಲಬೇಕು ಅಂತ ಹೇಳಿದ್ದೂ ಅಳತೆಯೇ. ವಿಜ್ಞಾನವನ್ನು ಅಗ್ರಹಾರಕ್ಕೆ ಬಿಟ್ಟುಕೊಟ್ಟು ನಾವು ಬರೀ ಸಿಟ್ಟನ್ನು ಇಟ್ಟುಕೊಂಡರೆ, ಗೆಳೆಯರೇ, ಅದು ಇನ್ನೊಂದು ಥರದ ಜೀತ. ಬಾಬಾಸಾಹೇಬರು 1927ರಲ್ಲಿ ಮಹಾಡಿನ ಚವದಾರ ಕೆರೆಗೆ ಇಳಿದದ್ದು ಕೆರೆಯನ್ನು ಬೈಯಲಿಕ್ಕಲ್ಲ, ನೀರು ಮುಟ್ಟಲಿಕ್ಕೆ.

ಶಿರ್ವದವರಿಗೆ ಕೈಗಾ ಯಾಕೆ ಎಂದು ಕೇಳುವವರಿದ್ದಾರೆ. ಶಿರ್ವದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ ಎಲ್ಲೂರು, ಅಲ್ಲಿ ಕಲ್ಲಿದ್ದಲಿನ 1200 ಮೆಗಾವಾಟ್ ಸ್ಥಾವರ. ಅದರ ಮೇಲಿನ ದಾವೆಯಲ್ಲಿ 2022ರಲ್ಲಿ ಹಸಿರು ನ್ಯಾಯಮಂಡಳಿ ಸುಮಾರು 52 ಕೋಟಿ ರೂಪಾಯಿ ಪರಿಹಾರ ಕಟ್ಟಲು ಆದೇಶಿಸಿತು. ಬೂದಿಯಾದರೂ ಎಲೆಯ ಮೇಲೆ ಕೂತರೆ ಕಣ್ಣಿಗೆ ಕಾಣುತ್ತದೆ. ಟ್ರಿಟಿಯಂ ಕಾಣುವುದಿಲ್ಲ, ನಾರುವುದಿಲ್ಲ. ಕಾಣುವುದಕ್ಕೇ ಇಷ್ಟು ವರ್ಷದ ಕೋರ್ಟು ಅಲೆದಾಟವಾದರೆ ಕಾಣದ್ದಕ್ಕೆ ಎಷ್ಟು?

ನಮ್ಮ ಪಕ್ಕದ ಶಂಕರಪುರದ ಮಲ್ಲಿಗೆ ನೋಡಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಇವತ್ತು ಅಟ್ಟೆಗೆ ಎಷ್ಟು ದರ ಅಂತ ದಿನಾ ಊರಿಗೆಲ್ಲ ಗೊತ್ತಾಗುತ್ತದೆ. ನಾಲ್ಕು ಗಿಡ ಇಟ್ಟುಕೊಂಡ ಹೆಂಗಸಿಗೂ ಗೊತ್ತು, ಕಟ್ಟುವ ಹುಡುಗಿಗೂ ಗೊತ್ತು. ಮುಡಿಯುವ ಹೂವಿಗೆ ಇರುವ ಈ ಮರ್ಯಾದೆ ಉಸಿರಾಡುವ ಗಾಳಿಗೆ ಯಾಕಿಲ್ಲ? ಕೈಗಾದ ಸುತ್ತಲಿನ ಪ್ರತಿ ಪಂಚಾಯತಿನ ಗೋಡೆಯ ಮೇಲೆ ದಿನಾ ಬೆಳಿಗ್ಗೆ ಬರೆಯಲಿ: ನಿನ್ನೆ ಗಾಳಿ ಎತ್ತಲಿಂದ ಎತ್ತ, 10 ಮೀಟರಿನಲ್ಲಿ ಎಷ್ಟು, ಕಂಬದ ತುದಿಯಲ್ಲಿ ಎಷ್ಟು, ಎಷ್ಟು ತಾಸು "ಶಾಂತ", ಆ ತಾಸುಗಳಲ್ಲಿ ಚಿಮಣಿಯಿಂದ ಬಿಟ್ಟದ್ದು ಎಷ್ಟು. ಕನ್ನಡದಲ್ಲಿ ಬರೆಯಲಿ, ಕುಣಬಿಗಳ ಕೊಂಕಣಿಯಲ್ಲಿ ಕೂಗಿ ಹೇಳಲಿ. ತುರ್ತು ಅಣಕು ಮಾಡುವ ದಿನ ಸೈರನ್ನು ಊದಿ ಫೋಟೋ ಹೊಡೆಸಿಕೊಳ್ಳುವ ಬದಲು, ಇವತ್ತಿನ ಗಾಳಿಗೆ ಅಡ್ಡ ಹೋಗುವ ದಾರಿ ಯಾವುದು ಅಂತ ಪ್ರತಿ ಮನೆಯ ಮುದುಕಿಗೆ ತೋರಿಸಲಿ. 2005ರ ಮಾಹಿತಿ ಹಕ್ಕಿನ ಕಾಯ್ದೆಯಡಿ ನಾವು ಈ ಪ್ರಶ್ನೆಗಳನ್ನು ಬರೆದು ಕಳಿಸುತ್ತೇವೆ, ನೀವೂ ಬರೆಯಿರಿ. ಒಬ್ಬನ ಅರ್ಜಿ ಕಸದ ಬುಟ್ಟಿಗೆ ಹೋಗುತ್ತದೆ, ನೂರು ಅರ್ಜಿಗೆ ಬುಟ್ಟಿ ಸಾಲದು.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ನಿಮಗೆ ಒಂದು ಕೆಲಸ. ಒಂದು ಉದ್ದದ ಬಿದಿರ ಗಳ, ಹಳೆಯ ಸೀರೆಯ ಚಿಂದಿ ನಾಲ್ಕು. ಒಂದು, ಎರಡು, ನಾಲ್ಕು, ಎಂಟು ಮೀಟರಿನಲ್ಲಿ ಒಂದೊಂದು ಕಟ್ಟಿ ಶಾಲೆಯ ಅಂಗಳದಲ್ಲಿ ನೆಡಿ. ಯಾವ ಚಿಂದಿ ಎಷ್ಟು ಏಳುತ್ತದೆ, ಎತ್ತ ಹಾರುತ್ತದೆ ಅಂತ ಮಕ್ಕಳು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬರೆಯಲಿ. ಎರಡು ಗೂಟದ ನಡುವೆ ಹತ್ತು ಮೀಟರ್ ಅಳೆದು ಬೂರುಗದ ಹತ್ತಿ ಹಾರಿಬಿಡಿ. ಐದು ಸೆಕೆಂಡಿನಲ್ಲಿ ದಾಟಿದರೆ ಸೆಕೆಂಡಿಗೆ ಎರಡು ಮೀಟರ್. ಇದು ಅಣುಸ್ಥಾವರದ ಸುರಕ್ಷೆಗೆ ಸಾಲುವ ಅಳತೆಯಲ್ಲ, ನಮಗೂ ಗೊತ್ತು. ಆದರೆ ನಾಳೆ ಯಾರಾದರೂ ಗೋಡೆಯ ಮೇಲೆ ಗೆರೆ ತೋರಿಸಿದಾಗ ಹಿಂದಿನ ಬೆಂಚಿನ ಹುಡುಗಿ ಎದ್ದು, ಸಾರ್, ನಿಮ್ಮ ಕಂಬ ಎಲ್ಲಿತ್ತು, ಎಷ್ಟು ಎತ್ತರ, ರಾತ್ರಿಯ ಲೆಕ್ಕ ಎಲ್ಲಿ ಅಂತ ಕೇಳುತ್ತಾಳೆ.

ನಾವು ಶಿರ್ವದ ಹತ್ತಿರದ ಒಂದು ಗುಡ್ಡದ ಬುಡದಲ್ಲಿ, ನಮ್ಮವರ ಮನೆಗಳ ನಡುವೆ, ಮೊದಲ ಗಳ ನೆಟ್ಟಿದ್ದೇವೆ. ಬರೆಯುವವಳು ಏಳನೇ ಕ್ಲಾಸಿನ ಹುಡುಗಿ, ಪುಸ್ತಕ ಅವಳ ಮನೆಯ ಗೂಡಿನಲ್ಲಿರುತ್ತದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಮೊದಲ ರಾತ್ರಿ ಎಂಟು ಗಂಟೆಗೆ ನಾಲ್ಕು ಚಿಂದಿಯೂ ಅಲುಗಲಿಲ್ಲ. ಏನು ಬರೆಯಲಿ ಅಂತ ಕೇಳಿದಳು. "ಸೊನ್ನೆ" ಎಂದೆವು. ಅವಳು ಸ್ವಲ್ಪ ಹೊತ್ತು ಯೋಚಿಸಿ ತನ್ನ ಮನೆಯ ಒಲೆಯ ಕಡೆ ನೋಡಿ ಬರೆದಳು: "ಗಾಳಿ ಇಲ್ಲ. ಹೊಗೆ ಇದೆ. ಅಜ್ಜಿ ಕೆಮ್ಮುತ್ತಿದ್ದಾರೆ."